ಸಿಕ್ಕಿದ ವೀಸಾದ ಕಟ್ಟು: ಕುಂದಾಪುರದ ಕೋಡಿಯಿಂದ ಒಂದು ಮರುಪರಿಶೀಲನೆ

ವೀಸಾ ನಿರ್ಬಂಧದ ಅಧ್ಯಯನಗಳು ಬಹುಮಟ್ಟಿಗೆ ನಿರಾಕರಣೆಯ ಸುತ್ತಲೇ ಸುತ್ತುತ್ತವೆ. ಬಡ ದೇಶಗಳ ಪ್ರಜೆಗಳಿಗೆ ಹೊರನಾಡಿನ ಬಾಗಿಲು ಹೆಚ್ಚು ಬಿಗಿ ಎಂದು ಎರಿಕ್ ನ್ಯೂಮಾಯರ್ 2006ರಲ್ಲಿ ಲೆಕ್ಕಸಮೇತ ತೋರಿಸಿದರು. ಜನರ ಓಡಾಟಕ್ಕೆ ಅಪ್ಪಣೆ ಕೊಡುವ ಅಧಿಕಾರವನ್ನು ಆಧುನಿಕ ಪ್ರಭುತ್ವ ತನ್ನ ಕೈಯಲ್ಲೇ ಇಟ್ಟುಕೊಂಡಿತೆಂಬುದು ಜಾನ್ ಟಾರ್ಪಿ 2000ದಲ್ಲಿ ಮಂಡಿಸಿದ ವಾದ. ಎರಡಕ್ಕೂ ಒಪ್ಪಿಗೆ ವ್ಯಾಪಕವಾಗಿದೆ.

ಕಡಲಿಗೂ ಪಂಚಗಂಗಾವಳಿಯ ಅಳಿವೆಗೂ ನಡುವೆ ಚಾಚಿರುವ ಕುಂದಾಪುರದ ಕೋಡಿಯಿಂದ ನೋಡಿದರೆ ಈ ಒಪ್ಪಿಗೆ ಸಾಲದು. ಕರಾವಳಿಯ ಉಳಿದ ಊರುಗಳಂತೆ ಇಲ್ಲಿಂದಲೂ ಗಲ್ಫಿಗೆ ದುಡಿಯಲು ಹೋದವರಿದ್ದಾರೆ. ಅವರಿಗೆ ವೀಸಾ ಸಿಕ್ಕಿದೆ. ಮನೆಯವರಿಂದ ದೂರ ಮಾಡಿದ್ದು ಆ ವೀಸಾದ ಷರತ್ತುಗಳೇ.

ಸೌದಿಯ ಇಕಾಮಾ (ವಾಸದ ಪರವಾನಗಿ) ಕಾರ್ಡನ್ನೇ ನೋಡಬಹುದು. ಅದರಲ್ಲಿ ವೃತ್ತಿಯ ಹೆಸರಿರುತ್ತದೆ. 'ಆಮಿಲ್' (ಕೂಲಿಯಾಳು) ಎಂದು ನಮೂದಾದವನಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ದಾರಿ ಸಾಮಾನ್ಯವಾಗಿ ಇಲ್ಲ. ಕರೆಸಿಕೊಳ್ಳಬಲ್ಲವರ ಮೇಲೂ 2017ರ ಜುಲೈನಿಂದ ಅವಲಂಬಿತರೊಬ್ಬರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಿತ್ತು. 2020ರ ಹೊತ್ತಿಗೆ ಅದು 400ಕ್ಕೇರಿತು. ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು 2019ರ ನಿಯಮದಂತೆ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ದಿರ್ಹಮ್ ಜೊತೆಗೆ ವಸತಿ ಬೇಕು. ಇನ್ನು ಊರಿಗೆ ಬಂದು ಹೋಗಲು ಬೇಕಾದ ಅನುಮತಿ 'ಎಕ್ಸಿಟ್ ರೀ-ಎಂಟ್ರಿ'. 2021ರ ಮಾರ್ಚ್‌ವರೆಗೆ ಸೌದಿಯಲ್ಲಿ ಇದನ್ನು ಮಾಡಿಸಿಕೊಡಬೇಕಾದವನು ಕಫೀಲ, ಅಂದರೆ ವೀಸಾದ ಪ್ರಾಯೋಜಕನಾದ ಧಣಿ. ಅಪ್ಪ ತೀರಿಕೊಂಡ ಸುದ್ದಿ ಬಂದರೆ ಮಗ ಬೊಜ್ಜಕ್ಕಾದರೂ (ಉತ್ತರಕ್ರಿಯೆಗಾದರೂ) ಮುಟ್ಟುವನೋ ಇಲ್ಲವೋ ಎಂಬುದು ವಿಮಾನದ ಟಿಕೆಟಿಗಿಂತ ಮೊದಲು ಕಫೀಲನ ಮರ್ಜಿಯ ಮೇಲೆ ನಿಂತಿರುತ್ತಿತ್ತು. ಟಾರ್ಪಿ ಪ್ರಭುತ್ವದ್ದೆಂದ ಅಧಿಕಾರ ಇಲ್ಲಿ ಖಾಸಗಿ ಧಣಿಯ ಕೈಗೆ ದಾಟಿತ್ತು. ಕುವೈತನ್ನು ಕುರಿತು ಆನ್ ಎನ್ಗಾ ಲಾಂಗ್ವಾ 1997ರಲ್ಲೇ ಇದನ್ನು ಗುರುತಿಸಿದ್ದರೂ ವೀಸಾ ಕುರಿತ ಚರ್ಚೆಯಲ್ಲಿ ಅದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಹಾಗೆಂದು ಕೊಟ್ಟ ವೀಸಾ ನಿರಾಕರಿಸಿದ ವೀಸಾಕ್ಕಿಂತ ಕ್ರೂರವೆಂದು ಸಾಧಿಸಲಾಗದು. ವಲಸೆ ಹೋದವರು ಬಯಸಿಯೇ ಹೋದವರು. ಅವರು ಕಳಿಸಿದ ಹಣದಿಂದ ಊರಲ್ಲಿ ಮನೆ ಎದ್ದಿದೆ, ಮಕ್ಕಳು ಓದಿದ್ದಾರೆ. ಈ ಕಟ್ಟಿನಲ್ಲಿ ಭಾರತದ ಪಾಲೂ ಇದೆ: 1983ರ ವಲಸೆ ಕಾಯ್ದೆಯಡಿ ಹತ್ತನೇ ತರಗತಿ ಪಾಸಾಗದವರು ಗಲ್ಫಿಗೆ ಕೆಲಸಕ್ಕೆ ಹೊರಡಲು ಸಾಮಾನ್ಯವಾಗಿ ಸರ್ಕಾರದ ಪ್ರತ್ಯೇಕ ಅನುಮತಿ ಪಡೆಯಬೇಕಾಯಿತು. ಕಫಾಲದ, ಅಂದರೆ ಕಫೀಲನನ್ನು ಅವಲಂಬಿಸುವ ಈ ಪ್ರಾಯೋಜಕತ್ವ ವ್ಯವಸ್ಥೆಯ, ಬಿಗಿಯೂ ಸಡಿಲಾಗಿದೆ. ಕತಾರ್ 2018ರಲ್ಲಿ ಬಹುಪಾಲು ಕಾರ್ಮಿಕರಿಗೆ, 2020ರಲ್ಲಿ ಮನೆಗೆಲಸದವರಿಗೂ ನಿರ್ಗಮನ ಪರವಾನಗಿಯನ್ನು ಕೈಬಿಟ್ಟಿತು. ಸೌದಿಯ 2021ರ ಸುಧಾರಣೆ ಮಾತ್ರ ಮನೆಗೆಲಸದವರನ್ನು ಹೊರಗಿಟ್ಟೇ ಆರಂಭವಾಯಿತು.

ಈ ಸುಧಾರಣೆಗಳ ನಂತರವೂ ಕುಟುಂಬ ಕೋಡಿಯಲ್ಲೇ ಉಳಿಯುವುದು ವೀಸಾದ ಷರತ್ತಿನಿಂದಲೋ, ಅಲ್ಲಿನ ಬಾಡಿಗೆ ಮತ್ತು ಶಾಲೆಯ ಖರ್ಚಿನಿಂದಲೋ ಎಂಬುದನ್ನು ಕಾನೂನಿನ ಪಠ್ಯವೊಂದರಿಂದಲೇ ಬೇರ್ಪಡಿಸಲಾಗದು. ಅದಕ್ಕೆ ಮನೆಮನೆಯ ಸಮೀಕ್ಷೆ ಬೇಕು.