ಉಪ್ಪಿನೊಳಗೆ ಜೋಡಿಗಳಿಲ್ಲ

ಹೈಸ್ಕೂಲಿನಲ್ಲಿ ನಮಗೆ ಉಪ್ಪಿನ ಪಾಠವನ್ನು ಮದುವೆಯ ಕತೆಯಂತೆ ಹೇಳಿಕೊಟ್ಟಿದ್ದರು. ಸೋಡಿಯಂ ಪರಮಾಣುವಿನ ಹೊರಕವಚದಲ್ಲಿ ಒಂದು ಎಲೆಕ್ಟ್ರಾನು ಹೆಚ್ಚು, ಕ್ಲೋರಿನ್ನಿಗೆ ಒಂದು ಕಡಿಮೆ. ಇದು ಕೊಟ್ಟಿತು, ಅದು ಪಡೆಯಿತು, ಇಬ್ಬರಿಗೂ ಎಂಟು ತುಂಬಿ ನೆಮ್ಮದಿಯಾಯಿತು. ವಿಜ್ಞಾನದ ಇತಿಹಾಸದಲ್ಲಿ ಸಂಶೋಧನೆಗೆ ಸೇರಿದ ಮೇಲೂ ನಾನು ಇದೇ ಕತೆಯನ್ನು ಪಕ್ಕದ ಮನೆಯ ಹತ್ತನೇ ಕ್ಲಾಸಿನ ಹುಡುಗಿಗೆ ಹೇಳಿದೆ. ಅವಳು ಕೇಳಿದಳು: “ಅಕ್ಕಾ, ಒಂದು ಹರಳಿನಲ್ಲಿ ಯಾವ ಸೋಡಿಯಂ ಯಾವ ಕ್ಲೋರಿನ್ನಿಗೆ ಕೊಟ್ಟಿದ್ದು ಅಂತ ಗೊತ್ತಾಗೋದು ಹೇಗೆ?”

ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನುಹತ್ತಿ ಹೋದಾಗ, ಇದಕ್ಕಾಗಿ ದೊಡ್ಡವರೇ ಜಗಳವಾಡಿದ್ದರು ಎಂದು ತಿಳಿಯಿತು.

‘ಅಯಾನು’ ಎಂಬ ಪದ 1834ರಷ್ಟು ಹಳೆಯದು. ಗ್ರೀಕಿನಲ್ಲಿ ಅದಕ್ಕೆ ‘ಚಲಿಸುವುದು’ ಎಂಬರ್ಥ. ಬಳಕೆಗೆ ತಂದವನು ಮೈಕೆಲ್ ಫ್ಯಾರಡೆ. ಅರ್ಧ ಶತಮಾನದ ನಂತರ, 1884ರಲ್ಲಿ, ಸ್ವೀಡನ್ನಿನ ಉಪ್ಸಾಲಾದಲ್ಲಿ ಸ್ವಾಂಟೆ ಅರೇನಿಯಸ್ ದ್ರಾವಣಗಳ ವಿದ್ಯುದ್ವಾಹಕತೆಯ ಕುರಿತು ಪ್ರಬಂಧ ಸಲ್ಲಿಸಿದ. ವಯಸ್ಸು 25. ಪರೀಕ್ಷಕರು ಕೊಟ್ಟ ದರ್ಜೆ ಎಷ್ಟು ಕೆಳಗಿನದೆಂದರೆ, ಅಲ್ಲಿ ಪಾಠ ಮಾಡುವ ಅರ್ಹತೆಯೂ ಅದರಿಂದ ಸಿಗುವಂತಿರಲಿಲ್ಲ. 1887ರಲ್ಲಿ ಅವನು ಮಾತನ್ನು ಇನ್ನೂ ಸ್ಪಷ್ಟಪಡಿಸಿದ: ನೀರಿಗೆ ಬಿದ್ದ ಉಪ್ಪು ವಿದ್ಯುತ್ ಹರಿಸುವ ಮೊದಲೇ ಅಯಾನುಗಳಾಗಿ ಬೇರ್ಪಟ್ಟಿರುತ್ತದೆ. ಸೋಡಿಯಂ ನೀರು ಸೋಕಿದರೆ ಉರಿಯುತ್ತದೆ, ಕ್ಲೋರಿನ್ ವಿಷಾನಿಲ. ಇವೆರಡೂ ಉಪ್ಪುನೀರಿನಲ್ಲಿ ಸುಮ್ಮನೆ ಓಡಾಡಿಕೊಂಡಿರುತ್ತವೆಯೇ ಎಂದು ವಿರೋಧಿಗಳು ಕೇಳಿದರು. ಪರಮಾಣುವೇ ಬೇರೆ, ಅಯಾನೇ ಬೇರೆ ಎಂಬುದನ್ನು ಆಗ ವಿವರಿಸುವುದು ಕಷ್ಟವಿತ್ತು. ಎಲೆಕ್ಟ್ರಾನು ಪತ್ತೆಯಾದದ್ದೇ 1897ರಲ್ಲಿ. ಅರೇನಿಯಸ್‌ಗೆ 1903ರಲ್ಲಿ ನೊಬೆಲ್ ಬಂತು. ಪ್ರಬಂಧ ಮುಗಿಸಲು ಒದ್ದಾಡುತ್ತಿರುವ ನನ್ನಂಥವರಿಗೆ ಇದು ಇಷ್ಟವಾಗುವ ಕತೆ.

ಆದರೆ ಹುಡುಗಿಯ ಪ್ರಶ್ನೆಗೆ ಉತ್ತರವಿದ್ದದ್ದು ಬೇರೆಡೆ. 1913ರಲ್ಲಿ ಲಾರೆನ್ಸ್ ಬ್ರಾಗ್ ಎಕ್ಸ್-ಕಿರಣಗಳ ನೆರವಿನಿಂದ ಉಪ್ಪಿನ ಹರಳಿನ ರಚನೆಯನ್ನು ಬಿಡಿಸಿದ. ಪ್ರತಿ ಸೋಡಿಯಂ ಸುತ್ತ ಆರು ಕ್ಲೋರಿನ್, ಪ್ರತಿ ಕ್ಲೋರಿನ್ ಸುತ್ತ ಆರು ಸೋಡಿಯಂ. ಚದುರಂಗದ ಮಣೆಯ ಕಪ್ಪು-ಬಿಳಿ ಮನೆಗಳ ಹಾಗೆ. ಇಲ್ಲಿ ಯಾರೂ ಯಾರ ಜೋಡಿಯಲ್ಲ. 1916ರಲ್ಲಿ ಜರ್ಮನಿಯ ವಾಲ್ಟರ್ ಕೊಸೆಲ್ ಅಯಾನುಗಳು ಹುಟ್ಟುವ ಬಗೆ ಹೇಳಿದ: ಜಡಾನಿಲಗಳ ಹಿಂದುಮುಂದಿರುವ ಧಾತುಗಳು ಎಲೆಕ್ಟ್ರಾನು ಪಡೆದೋ ಕಳೆದುಕೊಂಡೋ ಅವುಗಳಂಥದ್ದೇ ವಿನ್ಯಾಸಕ್ಕೆ ಬರುತ್ತವೆ.

ಎಲ್ಲರೂ ಒಪ್ಪಲಿಲ್ಲ. 1927ರಲ್ಲಿ 79 ವರ್ಷದ ಇಂಗ್ಲಿಷ್ ರಸಾಯನವಿಜ್ಞಾನಿ ಹೆನ್ರಿ ಆರ್ಮ್‌ಸ್ಟ್ರಾಂಗ್ ‘ನೇಚರ್’ ಪತ್ರಿಕೆಗೆ ಪತ್ರ ಬರೆದು, ಪಾಪದ ಅಡುಗೆ ಉಪ್ಪಿನ ಪರವಾಗಿ ಮರುಗಿದ. ಅಣುವೇ ಇಲ್ಲದ ಚದುರಂಗದ ಮಣೆ ಅವನಿಗೆ ಶುದ್ಧ ಅಸಂಬದ್ಧ. ಕ್ರಿಕೆಟ್ಟಿನ ಭಾಷೆಯಲ್ಲೇ ಹೇಳಿದರೆ, ನಿಯಮಬಾಹಿರ ಆಟ. ಮೊದಲು ಓದಿದಾಗ ನಕ್ಕೆ. ಆಮೇಲೆ ನಗು ನಿಂತಿತು. ಸೂತ್ರವಿದ್ದಲ್ಲಿ ಅಣುವಿರಲೇಬೇಕು ಎಂಬ ನಂಬಿಕೆಯಲ್ಲೇ ಬದುಕು ಕಳೆದವನು ಅವನು. ಕಪ್ಪುಹಲಗೆಯ ಮೇಲೆ ಒಂದು ಸೋಡಿಯಂ, ಒಂದು ಕ್ಲೋರಿನ್ ಬರೆದು ನಡುವೆ ಬಾಣ ಎಳೆಯುವಾಗ ನಾವೂ ಅವನ ಜೋಡಿಯನ್ನೇ ಪಾಠ ಮಾಡುತ್ತಿರುತ್ತೇವೆ.

ಲೆಕ್ಕವೂ ಆ ಜೋಡಿಯ ಕತೆಗೆ ವಿರುದ್ಧವಾಗಿದೆ. ಒಂದು ಮೋಲ್ ಸೋಡಿಯಂ ಪರಮಾಣುಗಳಿಂದ ಎಲೆಕ್ಟ್ರಾನು ಕೀಳಲು ಸುಮಾರು 496 ಕಿಲೋಜೂಲ್ ಶಕ್ತಿ ಬೇಕು. ಅದನ್ನು ಪಡೆದ ಕ್ಲೋರಿನ್ ಹಿಂದಿರುಗಿಸುವುದು ಸುಮಾರು 349. ಅಂದರೆ ಕೊಟ್ಟು ತೆಗೆದುಕೊಂಡಷ್ಟರಿಂದ ನಷ್ಟವೇ ಹೊರತು ಲಾಭವಿಲ್ಲ. ಆ ಧನ, ಋಣ ಅಯಾನುಗಳು ಹರಳಾಗಿ ಕೂಡಿದಾಗ ಮಾತ್ರ ಸುಮಾರು 787 ಕಿಲೋಜೂಲ್ ಬಿಡುಗಡೆಯಾಗುತ್ತದೆ. ಸ್ಥಿರತೆ ಬರುವುದು ಕೊಡುಕೊಳ್ಳುವಿಕೆಯಿಂದಲ್ಲ, ಕೊಟ್ಟ ಮೇಲೆ ಎಲ್ಲವೂ ಒಟ್ಟಾಗಿ ನೆಲೆ ನಿಲ್ಲುವುದರಿಂದ.

ಮುಂದಿನ ಭಾನುವಾರ ಹುಡುಗಿಯ ಮುಂದೆ ಕಲ್ಲುಪ್ಪು ಇಟ್ಟು, ನಾನು ಹೇಳಿದ ಕತೆ ತಪ್ಪಿತ್ತು ಎಂದೆ. ಯಾವ ಸೋಡಿಯಂ ಯಾವ ಕ್ಲೋರಿನ್ನಿನದು ಎಂದು ಕೇಳಲಾಗದು, ಪ್ರತಿಯೊಂದಕ್ಕೂ ಸುತ್ತ ಆರು ನೆರೆಯವರಿದ್ದಾರೆ ಎಂದೆ. “ಹಾಗಾದ್ರೆ ಪರೀಕ್ಷೇಲಿ ಯಾವುದು ಬರೀಲಿ?” ಎಂದಳು. ಬಾಣವನ್ನೇ ಬರೆ ಎಂದೆ. ಹೇಳುವಾಗ ಆರ್ಮ್‌ಸ್ಟ್ರಾಂಗ್ ನೆನಪಾದ.