ಕಿಡ್ನಿಯ ಗಡ್ಡೆ, ಕುತ್ತಿಗೆಯ ಗಂಟು

ಬೈಲಹೊಂಗಲ, ಸವದತ್ತಿ ಕಡೆ ಮೂತ್ರ ಕೆಂಪಗಾಯಿತೆಂದರೆ ಮನೆಮಂದಿ ಹೇಳುವುದು ‘ಉಷ್ಣ ಆಗೇತಿ’ ಅಂತಲೇ. ಜೀರಿಗೆ ನೀರು, ಎಳನೀರು ಕುಡಿಯುತ್ತಾರೆ. ಎರಡು ದಿನದಲ್ಲಿ ನಿಂತರೆ ಮಾತು ಅಲ್ಲಿಗೇ ಮುಗಿಯುತ್ತದೆ. ಬಹಳ ಸಲ ಅದು ಹರಳೋ ಸೋಂಕೋ ಆಗಿರುತ್ತದೆ. ಆದರೆ ನೋವಿಲ್ಲದೆ ಬಂದು ತಾನಾಗಿ ನಿಲ್ಲುವ ರಕ್ತ ಕಿಡ್ನಿ ಕ್ಯಾನ್ಸರಿನ ಲಕ್ಷಣವೂ ಹೌದು.

ಈ ರೋಗದ ತಿಳಿವಳಿಕೆ ಶುರುವಾದದ್ದೇ ತಪ್ಪು ಊಹೆಯಿಂದ. 1883ರಲ್ಲಿ ಜರ್ಮನಿಯ ಪಾಲ್ ಗ್ರಾವಿಟ್ಜ್, ಇದು ಕಿಡ್ನಿಯ ಗಡ್ಡೆಯೇ ಅಲ್ಲ, ಅದರೊಳಗೆ ಸೇರಿಕೊಂಡ ಅಡ್ರಿನಲ್ ಗ್ರಂಥಿಯ ಚೂರು ಬೆಳೆದದ್ದು ಎಂದರು. ಅದರಿಂದ ಹುಟ್ಟಿದ ‘ಹೈಪರ್‌ನೆಫ್ರೋಮಾ’ ಎಂಬ ಹೆಸರು, ಊಹೆ ಬಿದ್ದುಹೋದ ಮೇಲೂ ದಶಕಗಟ್ಟಲೆ ಉಳಿಯಿತು. ಒಳಗಿನ ಬಗೆಗಳು ಬೇರ್ಪಟ್ಟದ್ದು ತೀರಾ ತಡವಾಗಿ. ಮಸುಕು ಬಣ್ಣದ, ಅಂಚು ಸ್ಪಷ್ಟವಾದ ಜೀವಕೋಶಗಳ ‘ಕ್ರೋಮೋಫೋಬ್’ ಬಗೆಯನ್ನು ಮನುಷ್ಯರಲ್ಲಿ ಥೋನೆಸ್ ಮತ್ತು ಸಂಗಡಿಗರು ವಿವರಿಸಿದ್ದು 1985ರಲ್ಲಿ. ನೂರು ಕಿಡ್ನಿ ಕ್ಯಾನ್ಸರುಗಳಲ್ಲಿ ಇದು ಸುಮಾರು ಐದು. ಹೆಚ್ಚಾಗಿ ಕಿಡ್ನಿ ಬಿಟ್ಟು ಹೊರಡುವುದಿಲ್ಲ. ಹೊರಟರೆ ಯಕೃತ್ತು, ಶ್ವಾಸಕೋಶ. ಕುತ್ತಿಗೆಯ ಥೈರಾಯ್ಡ್‌ ಗ್ರಂಥಿಗೆ ಹೋಗುವುದು ಅಪರೂಪದಲ್ಲಿ ಅಪರೂಪ.

ಹೇಗೆ ಹೋಗುತ್ತದೆ? 1889ರಲ್ಲಿ ಲಂಡನ್ನಿನ ಸ್ಟೀಫನ್ ಪ್ಯಾಜೆಟ್, ಕ್ಯಾನ್ಸರಿನ ಬೀಜ ಎಲ್ಲೆಡೆ ಚೆಲ್ಲಿದರೂ ಒಗ್ಗುವ ನೆಲದಲ್ಲಷ್ಟೇ ಮೊಳೆಯುತ್ತದೆ ಎಂಬ ವಾದ ಮುಂದಿಟ್ಟರು. 1940ರಲ್ಲಿ ಬ್ಯಾಟ್ಸನ್, ಬೆನ್ನುಹುರಿಯ ಸುತ್ತಲಿನ ಕವಾಟವಿಲ್ಲದ ರಕ್ತನಾಳಗಳ ದಾರಿ ತೋರಿಸಿದರು. ಆ ದಾರಿಯಲ್ಲಿ ಶ್ವಾಸಕೋಶವನ್ನು ಹಾಯದೆಯೇ ಕ್ಯಾನ್ಸರ್ ಜೀವಕೋಶಗಳು ತಲೆ, ಕುತ್ತಿಗೆಯವರೆಗೆ ಏರಬಹುದು. ಹೃದಯ ತಳ್ಳುವ ರಕ್ತದಲ್ಲಿ ಐದನೇ ಒಂದು ಪಾಲು ಕಿಡ್ನಿಗಳಿಗೇ ಹರಿಯುವಾಗ, ಅಲ್ಲಿನ ಕ್ಯಾನ್ಸರಿಗೆ ದಾರಿಯ ಕೊರತೆಯಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಕಾಲದ ಅಂತರ. ಕಿಡ್ನಿ ತೆಗೆದು ಹತ್ತು ವರ್ಷ ಕಳೆದ ಮೇಲೂ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಳ್ಳಬಹುದು. ಸೂಜಿಯಲ್ಲಿ ತೆಗೆದ ಚೂರು ಲ್ಯಾಬಿಗೆ ಹೋಗುತ್ತದೆ. ಕಿಡ್ನಿಯ ಗುರುತು ಹಿಡಿಯಲು ಬಳಸುವ ಪ್ಯಾಕ್ಸ್-8 ಪ್ರೋಟೀನು ಥೈರಾಯ್ಡ್ ಜೀವಕೋಶಗಳಲ್ಲೂ ಇರುತ್ತದೆ. ಹೀಗಾಗಿ ಅದೊಂದನ್ನೇ ನೋಡಿದರೆ ಮೋಸ. ಥೈರಾಯ್ಡಿನ ಗುರುತುಗಳಾದ ಥೈರೋಗ್ಲೋಬ್ಯುಲಿನ್, ಟಿಟಿಎಫ್-1 ಎರಡೂ ಇಲ್ಲವೆಂದು ಖಚಿತವಾಗಬೇಕು, ಹಳೆಯ ಗಡ್ಡೆಯ ಸ್ಲೈಡಿನ ಜತೆ ಹೋಲಿಸಬೇಕು. ‘ಹಿಂದೆ ಕಿಡ್ನಿ ಆಪರೇಷನ್ ಆಗಿತ್ತು’ ಎಂಬ ಒಂದು ಸಾಲು ಚೀಟಿಯಲ್ಲಿ ಇರದಿದ್ದರೆ ಇದ್ಯಾವುದೂ ಹೊಳೆಯುವುದಿಲ್ಲ.

ನಮ್ಮ ಕಡೆ ಆ ಸಾಲು ಕಳೆದುಹೋಗುವುದು ಸುಲಭ. ಕಿತ್ತೂರಿನವರಿಗೆ ಹೆದ್ದಾರಿಯ ಒಂದು ತುದಿಗೆ ಬೆಳಗಾವಿ, ಇನ್ನೊಂದಕ್ಕೆ ಧಾರವಾಡ-ಹುಬ್ಬಳ್ಳಿ. ಕ್ಯಾನ್ಸರೆಂದರೆ ಹುಬ್ಬಳ್ಳಿಯ ನವನಗರದ ಆಸ್ಪತ್ರೆ, ಇಲ್ಲವೇ 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಬೆಳಗಾವಿಯಲ್ಲಿ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟಿಸಿದ ಮೇಲೆ ದಾರಿ ಇನ್ನಷ್ಟು ಹತ್ತಿರವಾಗಿದೆ. ಆದರೂ ರಾಮದುರ್ಗದ ಒಬ್ಬರ ಸ್ಕ್ಯಾನ್ ಒಂದೂರಲ್ಲಿ, ಆಪರೇಷನ್ ಇನ್ನೊಂದೂರಲ್ಲಿ, ಗಂಟಿನ ತಪಾಸಣೆ ಮತ್ತೊಂದೂರಲ್ಲಿ ಆಗುವುದುಂಟು. ಬಯಾಪ್ಸಿ ರಿಪೋರ್ಟು ಟ್ರಂಕಿನ ತಳದಲ್ಲಿ, ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದೊಳಗೆ ಮಲಗಿರುತ್ತದೆ.

ಹರಡಿದ ಕಿಡ್ನಿ ಕ್ಯಾನ್ಸರಿಗೆ ಔಷಧಿಗಳೇನೋ ಬಂದಿವೆ: 2005ರಲ್ಲಿ ಸೊರಾಫೆನಿಬ್, ಮರುವರ್ಷ ಸುನಿಟಿನಿಬ್, 2015ರಲ್ಲಿ ನಿವೊಲುಮ್ಯಾಬ್. ಆದರೆ ಅವುಗಳ ದೊಡ್ಡ ಪ್ರಯೋಗಗಳು ನಡೆದದ್ದು ಮುಖ್ಯವಾಗಿ ಈ ಕ್ಯಾನ್ಸರಿನ ಸಾಮಾನ್ಯ ಬಗೆ ಇರುವ ರೋಗಿಗಳ ಮೇಲೆ. ಕ್ರೋಮೋಫೋಬ್‌ನವರ ಪಾಲಿಗೆ ಪುರಾವೆ ತೆಳು. ಅದಕ್ಕೇ ಗುರುತು ಹಿಡಿಯುವುದು ಇಷ್ಟು ಮುಖ್ಯ. ಹರಡಿದ್ದು ಥೈರಾಯ್ಡ್ ಒಂದಕ್ಕೇ ಆಗಿದ್ದರೆ ಶಸ್ತ್ರಚಿಕಿತ್ಸೆಯಿಂದ ವರ್ಷಗಳು ಸಿಗಬಹುದು. ಥೈರಾಯ್ಡಿನದೇ ಕ್ಯಾನ್ಸರೆಂದು ತಿಳಿದು ವಿಕಿರಣಶೀಲ ಅಯೋಡಿನ್ ಕೊಟ್ಟರೆ, ಕಿಡ್ನಿಯಿಂದ ಬಂದ ಜೀವಕೋಶಗಳು ಅದನ್ನು ಹೀರಿಕೊಳ್ಳುವುದೇ ಇಲ್ಲ.