ಮುಂಬಯಿಯಲ್ಲಿ ಸ್ವಂತ ಮನೆ: ಕೆನರಾದವರ ಸಹಕಾರೀ ಗೃಹನಿರ್ಮಾಣದ ಇತಿಹಾಸ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯು ಊರಿನ ಯಜಮಾನನ ಕಷ್ಟವನ್ನು ಕಂಡು ಹುಟ್ಟಿದ ಮಾತಾಗಿದೆ. ಕರಾವಳಿಯ ಹಳ್ಳಿಯಲ್ಲಿ ಮನೆ ಕಟ್ಟಿಸುವವನು ತಾನೇ ನಿವೇಶನವನ್ನು ಆರಿಸುತ್ತಿದ್ದನು, ಆಯ-ಪಾಯಗಳನ್ನು ನೋಡಿಸುತ್ತಿದ್ದನು, ಮುರಕಲ್ಲು, ಮರ, ಸುಣ್ಣಗಳನ್ನು ಮೊದಲೇ ಕೂಡಿಹಾಕುತ್ತಿದ್ದನು. ಮಳೆಗಾಲ ಮುಗಿದೊಡನೆ ಕೆಲಸವನ್ನು ಆರಂಭಿಸಿ, ಮುಂದಿನ ಮಳೆ ಬೀಳುವುದರೊಳಗೆ ಮಾಡು ಹೊದಿಸಬೇಕಾಗಿತ್ತು. ಯೋಜನೆಯೂ ಅವನದೇ, ಮೇಲ್ವಿಚಾರಣೆಯೂ ಅವನದೇ, ಕೈತಪ್ಪಿದರೆ ನಷ್ಟವೂ ಅವನದೇ. ಇಂಥವನು ಊರನ್ನು ಬಿಟ್ಟು ಮುಂಬಯಿಗೆ ಬಂದು ನಿಂತಾಗ ಈ ಗಾದೆಯ ಅರ್ಥವೇನಾಯಿತು? ಭೂಮಿಗೆ ಚಿನ್ನದ ಬೆಲೆಯಿರುವ ನಗರದಲ್ಲಿ ತಿಂಗಳ ಸಂಬಳದ ಗುಮಾಸ್ತನು ತನ್ನ ಮನೆಯನ್ನು ತಾನೇ ಯೋಜಿಸಿ ಕಟ್ಟಿಸುವುದು ಸಾಧ್ಯವಿತ್ತೆ? ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆನರಾದಿಂದ ಬಂದ ಒಂದು ಸಣ್ಣ ಸಮುದಾಯವು ಕೊಟ್ಟ ಉತ್ತರವು ಮುಂಬಯಿಯ ಇತಿಹಾಸದಲ್ಲಿ ಗಮನಾರ್ಹವಾದುದು.

ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಂದಿನಿಂದ ಆ ಜಿಲ್ಲೆಯ ಕಚೇರಿ, ಕೋರ್ಟು, ವಿದ್ಯಾಭ್ಯಾಸಗಳೆಲ್ಲ ಮುಂಬಯಿಯತ್ತ ಮುಖಮಾಡಿದವು. ಕಾರವಾರ, ಕುಮಟಾ, ಹೊನ್ನಾವರಗಳ ಬಂದರುಗಳಿಂದ ಸಮುದ್ರಮಾರ್ಗವಾಗಿ ತರುಣರು ನೌಕರಿಯನ್ನು ಅರಸಿ ಇಲ್ಲಿಗೆ ಬಂದರು. ಇವರಲ್ಲಿ ಶಿರಾಲಿಯ ಚಿತ್ರಾಪುರ ಮಠದ ಅನುಯಾಯಿಗಳಾದ ಸಾರಸ್ವತರೂ ಇದ್ದರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿಯೂ ವ್ಯವಹಾರದಲ್ಲಿಯೂ ಕನ್ನಡ, ಕಚೇರಿಯಲ್ಲಿ ಇಂಗ್ಲಿಷು: ಹೀಗೆ ಮೂರು ಭಾಷೆಗಳ ನಡುವೆ ಬೆಳೆದ ಈ ಜನರು ಲೆಕ್ಕಪತ್ರಗಳಲ್ಲಿ ನುರಿತವರಾಗಿದ್ದರು. ಆದರೆ ಅವರ ಕೈಯಲ್ಲಿ ಬಂಡವಾಳವಿರಲಿಲ್ಲ.

ಅವರು ಕಂಡ ಮುಂಬಯಿಯು ಚಾಳುಗಳ ಮುಂಬಯಿ. ಉದ್ದನೆಯ ಪಡಸಾಲೆಯ ಒಂದು ಬದಿಗೆ ಸಾಲಾಗಿ ಕೋಣೆಗಳು; ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ; ನಳವೂ ಶೌಚಾಲಯವೂ ಎಲ್ಲರಿಗೂ ಸೇರಿ ಕೊನೆಯಲ್ಲಿ. ನಗರದ ಬಹುಪಾಲು ಜನರು ಒಂದೇ ಕೋಣೆಯ ಬಿಡಾರಗಳಲ್ಲಿದ್ದರು. 1896ರಲ್ಲಿ ಪ್ಲೇಗು ಕಾಣಿಸಿಕೊಂಡಾಗ ಇಂಥ ವಸತಿಯ ಬೆಲೆ ಎಷ್ಟೆಂಬುದು ಎಲ್ಲರಿಗೂ ತಿಳಿಯಿತು. 1898ರಲ್ಲಿ ಸ್ಥಾಪಿತವಾದ ಮುಂಬಯಿ ನಗರ ಸುಧಾರಣಾ ಟ್ರಸ್ಟು ಇಕ್ಕಟ್ಟಾದ ಕೇರಿಗಳನ್ನು ಕೆಡವಿ, ಅಗಲವಾದ ರಸ್ತೆಗಳನ್ನು ತೆರೆಯಿತು; ಗಾಮದೇವಿ, ದಾದರ, ಮಾಟುಂಗಾಗಳಲ್ಲಿ ಹೊಸ ನಿವೇಶನಗಳನ್ನು ಸಿದ್ಧಪಡಿಸಿತು. ಆದರೆ ನಿವೇಶನ ಸಿದ್ಧವಾದ ಮಾತ್ರಕ್ಕೆ ಮನೆ ಸಿದ್ಧವಾಗುವುದಿಲ್ಲ. ಅದನ್ನು ಗುತ್ತಿಗೆ ಹಿಡಿದು ಕಟ್ಟಿಸುವ ಶಕ್ತಿಯು ಧನಿಕರಿಗೆ ಮಾತ್ರ ಇತ್ತು. ಗುಮಾಸ್ತನು ಅವರ ಬಾಡಿಗೆದಾರನಾಗಬಹುದಾಗಿತ್ತು, ಅಷ್ಟೆ.

ಹಾದಿಯನ್ನು ತೋರಿದುದು ಸಹಕಾರ ತತ್ತ್ವ. 1904ರ ಕಾಯಿದೆಯು ಪತ್ತಿನ ಸಂಘಗಳಿಗೆ ಅವಕಾಶವನ್ನು ಕೊಟ್ಟಿತು. ಅದರಂತೆ 1905ರಲ್ಲಿ ಆಗ ಮುಂಬಯಿ ಪ್ರಾಂತದಲ್ಲಿದ್ದ ಗದಗು ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಸಂಘವೊಂದು ಹುಟ್ಟಿ, ದೇಶಕ್ಕೆ ಮೇಲ್ಪಂಕ್ತಿಯಾಯಿತು. ಮರುವರ್ಷವೇ, 1906ರಲ್ಲಿ, ಮುಂಬಯಿಯಲ್ಲಿ ರಾವಬಹಾದ್ದೂರ ಶ್ರೀಪಾದ ಸುಬ್ಬರಾವ ತಲ್ಮಕಿಯವರು ಶಾಮರಾವ ವಿಠಲ ಕಾಯ್ಕಿಣಿಯವರ ಸ್ಮರಣಾರ್ಥವಾಗಿ ಶಾಮರಾವ ವಿಠಲ ಸಹಕಾರೀ ಪತ್ತಿನ ಸಂಘವನ್ನು ಸ್ಥಾಪಿಸಿದರು. ಕಣಗಿನಹಾಳದ ಒಕ್ಕಲಿಗನಿಗೂ ಮುಂಬಯಿಯ ಗುಮಾಸ್ತನಿಗೂ ಹೊರಗಿನ ಸ್ಥಿತಿಯಲ್ಲಿ ಬಹಳ ಅಂತರವಿದ್ದರೂ ಒಳಗಿನ ತೊಡಕು ಒಂದೇ ಆಗಿತ್ತು: ಒಬ್ಬೊಬ್ಬನೇ ಹೋದರೆ ಸಾಲಗಾರನ ಮಾತಿಗೆ ಬೆಲೆಯಿಲ್ಲ. 'ಹತ್ತು ಜನರಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ' ಎಂಬ ಗಾದೆಯನ್ನು ಇವರು ಕಾಯಿದೆಯ ಭಾಷೆಗೆ ತಂದರು. ಮುಂದೆ 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಶನ್ ಸ್ಥಾಪಿತವಾಯಿತು. ಮನೆಯನ್ನು ಕಟ್ಟುವ ಮೊದಲು ಇವರು ಪರಸ್ಪರ ವಿಶ್ವಾಸವನ್ನೂ ಅದನ್ನು ದಾಖಲಿಸುವ ಲೆಕ್ಕದ ಪುಸ್ತಕವನ್ನೂ ಕಟ್ಟಿದರೆಂಬುದು ಇಲ್ಲಿ ಮುಖ್ಯವಾದ ಅಂಶ.

1904ರ ಕಾಯಿದೆಯಲ್ಲಿ ಸಾಲದ ಹೊರತು ಬೇರೆ ಉದ್ದೇಶದ ಸಂಘಗಳಿಗೆ ಎಡೆಯಿರಲಿಲ್ಲ. 1912ರ ಕಾಯಿದೆಯು ಈ ಕೊರತೆಯನ್ನು ತುಂಬಿತು. 1913ರಲ್ಲಿ ಸಹಕಾರೀ ಗೃಹನಿರ್ಮಾಣದ ಪ್ರಚಾರಕ್ಕಾಗಿಯೇ ಮುಂಬಯಿಯಲ್ಲಿ ಒಂದು ಸಂಸ್ಥೆ ಹುಟ್ಟಿತು. 1915ರಲ್ಲಿ ತಲ್ಮಕಿಯವರ ಮುಂದಾಳುತನದಲ್ಲಿ ಗಾಮದೇವಿಯ ಸಾರಸ್ವತ ಸಹಕಾರೀ ಗೃಹನಿರ್ಮಾಣ ಸಂಘವು ನೋಂದಣಿಯಾಯಿತು. ಇದು ಏಷ್ಯಾ ಖಂಡದಲ್ಲಿಯೇ ಮೊದಲನೆಯದೆಂದು ಹೇಳುವ ವಾಡಿಕೆಯುಂಟು. ಆದರೆ ಮೈಸೂರು ಸಂಸ್ಥಾನದಲ್ಲಿ 1905ರ ಪ್ರತ್ಯೇಕ ಸಹಕಾರೀ ಶಾಸನವು ಜಾರಿಯಲ್ಲಿದ್ದು, ಬೆಂಗಳೂರಿನಲ್ಲಿ 1909ರಲ್ಲಿಯೇ ಕಟ್ಟಡ ನಿರ್ಮಾಣದ ಸಹಕಾರ ಸಂಘವೊಂದು ಸ್ಥಾಪಿತವಾಗಿತ್ತು. ಆದುದರಿಂದ ಕಾಲದ ದೃಷ್ಟಿಯಿಂದ ಮೊದಲ ಸ್ಥಾನವು ಬೆಂಗಳೂರಿಗೆ ಸಲ್ಲಬೇಕು. ಗಾಮದೇವಿಯ ಹೆಚ್ಚಳವಿರುವುದು ಬೇರೆಡೆಯಲ್ಲಿ: ಒಂದೇ ಕಟ್ಟಡದಲ್ಲಿ ಮಹಡಿಯ ಮೇಲೆ ಮಹಡಿಯಾಗಿ ಬಾಳುವವರು ಅದರ ಬಾಡಿಗೆದಾರರೂ ಒಡೆಯರೂ ತಾವೇ ಆಗುವ ಕ್ರಮವನ್ನು ಅದು ಮುಂಬಯಿಯಲ್ಲಿ ನೆಲೆಗೊಳಿಸಿತು.

ಈ ಕ್ರಮಕ್ಕೆ 'ಬಾಡಿಗೆದಾರರ ಸಹಭಾಗಿತ್ವ' ಎಂದು ಹೆಸರು. ಇಂಗ್ಲೆಂಡಿನಲ್ಲಿ 1901ರಲ್ಲಿ ಕಟ್ಟಡದ ಕೆಲಸಗಾರರು ಸೇರಿ ಸ್ಥಾಪಿಸಿದ ಈಲಿಂಗ್ ಟೆನೆಂಟ್ಸ್ ಸಂಘವು ಇದರ ಪ್ರಸಿದ್ಧ ಮಾದರಿ. ಇದರಲ್ಲಿ ನೆಲವೂ ಕಟ್ಟಡವೂ ಸಂಘಕ್ಕೆ ಸೇರಿದವು. ಸದಸ್ಯನು ಶೇರುಗಳನ್ನು ಕೊಂಡು ಬಂಡವಾಳದ ಒಂದು ಪಾಲನ್ನು ಒದಗಿಸುತ್ತಾನೆ. ಉಳಿದುದನ್ನು ಸಂಘವು ಸಾಲವಾಗಿ ಎತ್ತುತ್ತದೆ. ಸದಸ್ಯನು ಸಂಘಕ್ಕೆ ಬಾಡಿಗೆಯನ್ನು ಕೊಡುತ್ತಾನೆ. ಲೆಕ್ಕದ ಸೌಕರ್ಯಕ್ಕಾಗಿ ಒಂದು ಬಿಡಾರದ ವೆಚ್ಚವನ್ನು 5,000 ರೂಪಾಯಿಯೆಂದು ಭಾವಿಸೋಣ. ಸದಸ್ಯನ ಶೇರು 1,000, ಸಾಲ 4,000. ಬಡ್ಡಿಯು ನೂರಕ್ಕೆ ಐದರಂತೆ ವರ್ಷಕ್ಕೆ 200. ನಲವತ್ತು ವರ್ಷಗಳಲ್ಲಿ ಅಸಲನ್ನು ತೀರಿಸಲು ವರ್ಷಕ್ಕೆ 100. ತೆರಿಗೆ ಮತ್ತು ದುರಸ್ತಿಗೆ 100. ಒಟ್ಟು 400 ರೂಪಾಯಿ, ಎಂದರೆ ಮೊದಲ ವರ್ಷದಲ್ಲಿ ತಿಂಗಳಿಗೆ 33 ರೂಪಾಯಿ 5 ಆಣೆ 4 ಪೈ. ಇಪ್ಪತ್ತು ವರ್ಷಗಳು ಕಳೆದಾಗ ಸಾಲವು ಅರ್ಧಕ್ಕೆ ಇಳಿದು, ತಿಂಗಳ ಹೊರೆಯು 25 ರೂಪಾಯಿಯಾಗುತ್ತದೆ. ನಲವತ್ತು ವರ್ಷಗಳ ಬಳಿಕ ತೆರಿಗೆ ಮತ್ತು ದುರಸ್ತಿಗಾಗಿ 8 ರೂಪಾಯಿ 5 ಆಣೆ 4 ಪೈ ಮಾತ್ರ ಉಳಿಯುತ್ತದೆ. ಖಾಸಗಿ ಮಾಲಿಕನ ಚಾಳಿನಲ್ಲಿ ಕಾಲ ಕಳೆದಂತೆ ಬಾಡಿಗೆ ಏರುವುದು ರೂಢಿ. ಇಲ್ಲಿಯಾದರೋ ಕಾಲವೇ ಬಾಡಿಗೆದಾರನ ಪಕ್ಷದಲ್ಲಿರುತ್ತದೆ. ಸಣ್ಣ ಸಂಬಳದವನಿಗೆ ಸ್ವಂತ ಮನೆಯು ಸಾಧ್ಯವಾದುದು ಈ ಲೆಕ್ಕದಿಂದ.

ಯೋಜನೆಯ ವಿಷಯದಲ್ಲಿಯೂ ಇದರ ಪರಿಣಾಮ ಸಣ್ಣದಲ್ಲ. ಬಾಡಿಗೆಗಾಗಿ ಕಟ್ಟಿಸುವವನು ಎಷ್ಟು ಕೋಣೆಗಳು ಹಿಡಿಸುತ್ತವೆಂದು ನೋಡುತ್ತಾನೆ. ತಾನೇ ಇರಲು ಕಟ್ಟಿಸುವವನು ಕೋಣೆಗಳ ಒಳಗೆ ಬದುಕು ಹೇಗೆ ಸಾಗುತ್ತದೆಂದು ನೋಡುತ್ತಾನೆ. ಚಾಳಿನ ಕೋಣೆಗೆ ಬದಲಾಗಿ 'ಬ್ಲಾಕು' ಎಂದು ಮುಂಬಯಿಗರು ಕರೆಯುವ, ಅಡಿಗೆಮನೆ, ಬಚ್ಚಲು, ಶೌಚಗೃಹಗಳೆಲ್ಲ ಒಂದೇ ಬಾಗಿಲಿನೊಳಗೆ ಇರುವ ಬಿಡಾರವು ಮಧ್ಯಮ ವರ್ಗದ ಮನೆಯ ಮಾದರಿಯಾಗಿ ಬೆಳೆದುದರಲ್ಲಿ ಇಂಥ ಸಂಘಗಳ ಪಾಲು ದೊಡ್ಡದು. ಇದಕ್ಕೆ ಮನಸ್ಸಿನ ಸಿದ್ಧತೆಯೂ ಬೇಕಾಗಿತ್ತು. ಕರಾವಳಿಯ ಮನೆಯಲ್ಲಿ ಶೌಚಸ್ಥಳವು ಹಿತ್ತಲಿನ ಆಚೆಗೆ ಇರುವಂಥದು. ಮಡಿ-ಮೈಲಿಗೆಗಳ ವಿಚಾರವನ್ನು ಬಿಡದ ಸಂಸಾರವು ಅದನ್ನು ಅಡಿಗೆಮನೆಯಿಂದ ಹತ್ತು ಹೆಜ್ಜೆಯೊಳಗೆ ಒಪ್ಪಿಕೊಳ್ಳುವುದೆಂದರೆ ನಕ್ಷೆಯ ಒಂದು ಗೆರೆಯನ್ನು ಬದಲಿಸಿದಷ್ಟು ಸುಲಭವಲ್ಲ.

ಕಟ್ಟಿಸುವ ಕಾರ್ಯದಲ್ಲಿ ಒಬ್ಬ ಯಜಮಾನನ ಸ್ಥಾನಕ್ಕೆ ಇಲ್ಲಿ ಸರ್ವಸದಸ್ಯರ ಸಭೆಯು ಬಂದಿತು. ಸಹಕಾರೀ ಸಂಘದಲ್ಲಿ ಎಷ್ಟೇ ಶೇರುಗಳಿದ್ದರೂ ಸದಸ್ಯನಿಗೆ ಒಂದೇ ಮತ. ನಕ್ಷೆಯನ್ನು ಒಪ್ಪುವುದು, ಟೆಂಡರುಗಳನ್ನು ಕರೆಯುವುದು, ಕಂತ್ರಾಟುದಾರನ ಕೆಲಸವನ್ನು ಅಳೆಯಿಸಿ ಕಂತು ಕಂತಾಗಿ ಹಣ ಸಂದಾಯ ಮಾಡುವುದು, ಯಾರಿಗೆ ಯಾವ ಮಹಡಿಯೆಂಬುದನ್ನು ಮನಸ್ತಾಪಕ್ಕೆ ಎಡೆಯಿಲ್ಲದಂತೆ ನಿರ್ಣಯಿಸುವುದು: ಇವೆಲ್ಲವನ್ನೂ ಕಚೇರಿಯ ಕೆಲಸ ಮುಗಿಸಿ ಬಂದ ಜನರು ಸಂಜೆಯ ಹೊತ್ತಿನಲ್ಲಿ ಮಾಡಬೇಕಾಗಿತ್ತು. ಇಂಥ ಸಂಘಕ್ಕೆ ಗೋಡೆಯ ಬಿರುಕಿಗಿಂತ ಸದಸ್ಯರೊಳಗಣ ಬಿರುಕೇ ಹೆಚ್ಚು ಅಪಾಯಕರ. ಸಭೆಯ ನಡವಳಿಯನ್ನು ಬರೆದಿಡುವುದು, ವರ್ಷಕ್ಕೊಮ್ಮೆ ಲೆಕ್ಕವನ್ನು ತಪಾಸಣೆಗೆ ಒಪ್ಪಿಸುವುದು ಎಂಬ ನಿಯಮಗಳು ಆ ದೃಷ್ಟಿಯಿಂದ ಕಟ್ಟಡದ ಅಸ್ತಿಭಾರಗಳೇ ಸರಿ.

ಇದೇ ಕಾಲದ ಸರಕಾರೀ ಪ್ರಯತ್ನವೊಂದನ್ನು ಇದರೊಡನೆ ಹೋಲಿಸಬಹುದು. ಗವರ್ನರ್ ಜಾರ್ಜ್ ಲಾಯ್ಡರ ಕಾಲದಲ್ಲಿ, 1920ರಲ್ಲಿ, ಸ್ಥಾಪಿತವಾದ ಮುಂಬಯಿ ಅಭಿವೃದ್ಧಿ ಇಲಾಖೆಯು ವರಳಿ, ನಾಯಗಾಂವ, ಶಿವಡಿ ಮೊದಲಾದೆಡೆ ಕಾರ್ಮಿಕರಿಗಾಗಿ ಇನ್ನೂರಕ್ಕೂ ಹೆಚ್ಚು ಚಾಳುಗಳನ್ನು ಕಟ್ಟಿಸಿತು. ಕಟ್ಟಡವೇನೋ ಗಟ್ಟಿ, ಆದರೆ ಮತ್ತೆ ಅದೇ ಒಂದೇ ಕೋಣೆ, ಅದೇ ಸಾಮಾನ್ಯ ಶೌಚಾಲಯ. ಒಳಗೆ ವಾಸಿಸುವವರನ್ನು ಯೋಜನೆಯ ಕಾಲದಲ್ಲಿ ಯಾರೂ ಕೇಳಿರಲಿಲ್ಲ. ಗಾಮದೇವಿಗೂ ಈ ಚಾಳುಗಳಿಗೂ ಇರುವ ಭೇದದಲ್ಲಿ ಹಣದ ಪಾಲೂ ಇದೆ, ತೀರ್ಮಾನಿಸುವ ಅಧಿಕಾರದ ಪಾಲೂ ಇದೆ.

ಆದರೆ ಇತಿಹಾಸವನ್ನು ಹೊಗಳಿಕೆಯಲ್ಲಿಯೇ ಮುಗಿಸುವುದು ನ್ಯಾಯವಲ್ಲ. ಸಂಘದ ಬಲವಾದ ಪರಸ್ಪರ ವಿಶ್ವಾಸವು ಒಂದೇ ಜಾತಿ, ಒಂದೇ ಮಠ, ಒಂದೇ ಊರುಗಳ ನಂಟಿನಿಂದ ಬಂದುದು. ಒಳಗಿನವರಿಗೆ ಆಸರೆಯಾದ ಆ ನಂಟೇ ಹೊರಗಿನವರಿಗೆ ಬೇಲಿಯಾಯಿತು. ಇದನ್ನು ನೋಡಿ ಇತರ ಸಮುದಾಯಗಳೂ ತಮ್ಮ ತಮ್ಮ ಸಂಘಗಳನ್ನು ಕಟ್ಟಿಕೊಂಡವು. ನಗರದ ಹೊಸ ಬಡಾವಣೆಗಳಲ್ಲಿ ಹಳೆಯ ಕೇರಿಗಳ ವಿಭಾಗವು ಬೇರೊಂದು ರೂಪದಲ್ಲಿ ಮುಂದುವರಿಯಿತು. ಉಳಿತಾಯವೂ ಇಲ್ಲದ, ಸಾಲದ ಸಂಘವೂ ಇಲ್ಲದ ಸಮುದಾಯಗಳಿಗೆ ಈ ಬಾಗಿಲು ತೆರೆಯಲಿಲ್ಲ. ಡಾ. ಬಾಬಾಸಾಹೇಬ ಅಂಬೇಡ್ಕರರು ಅನೇಕ ವರ್ಷಗಳನ್ನು ಪರಳದ ಸುಧಾರಣಾ ಟ್ರಸ್ಟಿನ ಚಾಳಿನಲ್ಲಿ ಕಳೆದು, 1930ರ ದಶಕದ ಆರಂಭದಲ್ಲಿ ದಾದರದ ಹಿಂದೂ ಕಾಲನಿಯಲ್ಲಿ ತಮ್ಮ ಗ್ರಂಥಗಳಿಗೆ ವಿಶೇಷ ಸ್ಥಳವಿಟ್ಟು 'ರಾಜಗೃಹ'ವನ್ನು ಕಟ್ಟಿಸಿದರು. ಒಬ್ಬ ಮಹಾಪುರುಷನು ಸ್ವಸಾಮರ್ಥ್ಯದಿಂದ ಪಡೆದುದನ್ನು ಅವನ ಸಮುದಾಯದ ಸಾಮಾನ್ಯನು ಪಡೆಯುವಂತಿರಲಿಲ್ಲ. ಈ ಪ್ರಶ್ನೆ ಇನ್ನೂ ಮುಗಿದಿಲ್ಲ: ಪಾರಸೀ ಸಮುದಾಯದ ಒಂದು ಗೃಹನಿರ್ಮಾಣ ಸಂಘಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಸೀಮಿತಗೊಳಿಸುವ ಉಪವಿಧಿಯನ್ನು ಎತ್ತಿಹಿಡಿಯಿತು.

ಸ್ವಾತಂತ್ರ್ಯಾನಂತರ ಕ್ರಮವೇ ಬದಲಾಯಿತು. 1960ರಲ್ಲಿ ಮಹಾರಾಷ್ಟ್ರದ ಸಹಕಾರೀ ಸಂಘಗಳ ಕಾಯಿದೆಯೂ 1963ರಲ್ಲಿ ಫ್ಲ್ಯಾಟುಗಳ ಒಡೆತನವನ್ನು ಕುರಿತ ಕಾಯಿದೆಯೂ ಬಂದವು. ಮೊದಲು ಕಟ್ಟಡದ ವ್ಯಾಪಾರಿಯು ಕಟ್ಟಿ ಮಾರುವುದು, ಕೊಂಡವರು ಆಮೇಲೆ ಸೇರಿ ಸಂಘವನ್ನು ನೋಂದಾಯಿಸುವುದು ಸಾಮಾನ್ಯವಾಯಿತು. ಗಾಮದೇವಿಯಲ್ಲಿ ಸಂಘವು ಮನೆಯನ್ನು ಕಟ್ಟಿಸಿತು. ಈಗ ಮನೆಯು ಸಂಘವನ್ನು ಹುಟ್ಟಿಸುತ್ತದೆ. ವಾಸಿಸುವವನಿಗೆ ಒಡೆತನದ ಕಾಗದ ಸಿಕ್ಕಿತು. ಯೋಜಿಸುವ ಅಧಿಕಾರವು ಕೈತಪ್ಪಿತು. ಹಳೆಯ ಕಟ್ಟಡಗಳನ್ನು ಕೆಡವಿ ಮತ್ತೆ ಕಟ್ಟುವ ಪ್ರಸಂಗದಲ್ಲಿ ಮಾತ್ರ ಆ ಅಧಿಕಾರವು ಸದಸ್ಯರಿಗೆ ಮರಳಿ ಬರುತ್ತದೆ. ಮಹಾರಾಷ್ಟ್ರ ಸರಕಾರವು 2009ರಲ್ಲಿ ಹೊರಡಿಸಿ 2019ರಲ್ಲಿ ತಿದ್ದಿದ ನಿರ್ದೇಶನಗಳು ಇಂಥ ಕಾರ್ಯಕ್ಕೆ ಸರ್ವಸದಸ್ಯರ ಸಭೆಯ ನಿರ್ಣಯವನ್ನೂ ಟೆಂಡರಿನ ಕ್ರಮವನ್ನೂ ವಿಧಿಸಿವೆ. ಒಂದು ಶತಮಾನದ ಹಿಂದೆ ಗುಮಾಸ್ತರು ಸ್ವಯಂಪ್ರೇರಣೆಯಿಂದ ಕಲಿತ ಪಾಠವನ್ನು ಇಂದು ಸರಕಾರವು ಆಜ್ಞೆಯಾಗಿ ಕಲಿಸಬೇಕಾಗಿದೆ.

ಗಾಮದೇವಿಯ ಸಂಘಕ್ಕೆ 2015ರಲ್ಲಿ ನೂರು ವರ್ಷಗಳು ತುಂಬಿದವು. ತಾಡದೇವದ ತಲ್ಮಕಿವಾಡಿಯು ಅದರ ಪ್ರವರ್ತಕರ ಹೆಸರನ್ನು ಉಳಿಸಿಕೊಂಡಿದೆ. ಇವರ ಕಾರ್ಯದಿಂದ ತಿಳಿಯುವುದು ಇಷ್ಟು: ನಗರದಲ್ಲಿ 'ಸ್ವಂತ'ವೆಂಬ ಮಾತು ನೆಲದ ಮೇಲಿನ ಹಕ್ಕಿಗಿಂತ ಮಿಗಿಲಾಗಿ, ಗೋಡೆ ಎಲ್ಲಿ ಏಳಬೇಕು, ಹಣ ಹೇಗೆ ಸಲ್ಲಬೇಕು ಎಂಬುದನ್ನು ವಾಸಿಸುವವರೇ ಕೂಡಿ ನಿರ್ಣಯಿಸುವ ಹಕ್ಕನ್ನು ಸೂಚಿಸುತ್ತದೆ. ಆ ನಿರ್ಣಯದ ಸಭೆಗೆ ಯಾರು ಯಾರನ್ನು ಕರೆಯಬೇಕೆಂಬ ಪ್ರಶ್ನೆಯನ್ನು ಅವರು ಅರ್ಧಕ್ಕೆ ಬಿಟ್ಟುಹೋದರು. ಉಳಿದರ್ಧವನ್ನು ಪೂರೈಸುವ ಹೊಣೆ ಮುಂದಿನವರದು.